1,63,000 ರೂಪಾಯಿ ಸುರಿದು ಕೆಡಿಸಿಕೊಂಡ ಒಂದು ಸ್ವಿಫ್ಟ್

2023ರ ಜುಲೈ. ಹಾಸನದಲ್ಲಿ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಬೆಳಿಗ್ಗೆ ಐದೂವರೆಗೆ ಅಕ್ಕನ ಫೋನ್ ಬಂತು. "ಹುಡುಗ ರಾತ್ರಿಯಿಂದ ಘಾಟಿ ರಸ್ತೇಲಿ ಕಾರೊಳಗೇ ಕೂತಿದಾನಂತೆ ಕಣೋ. ಬೇಗ ಹೋಗು."

ಗ್ಯಾರೇಜಿನ ಹುಡುಗನೊಬ್ಬನನ್ನು ಕರೆದುಕೊಂಡು ಹೊರಟೆ. ಸಕಲೇಶಪುರ ದಾಟಿದ ಮೇಲೆ, ದೋಣಿಗಲ್ ಹತ್ತಿರ, ರಾಷ್ಟ್ರೀಯ ಹೆದ್ದಾರಿ 75ರ ಪಕ್ಕದಲ್ಲಿ ಅಕ್ಕನ ಮಗನ ಕೆಂಪು ಸ್ವಿಫ್ಟ್ ನಿಂತಿತ್ತು. ಮುಂದಿನ ಎಡಗಡೆ ಟೈರ್ ಒಡೆದಿತ್ತು. ರಿಮ್ ಒಂದು ಕಡೆ ಒಳಕ್ಕೆ ಮಡಚಿಕೊಂಡಿತ್ತು. ಡಿಕ್ಕಿ ತೆಗೆದು ನೋಡಿದರೆ ಸ್ಟೆಪ್ನಿಯೇ ಇರಲಿಲ್ಲ.

ನಾನು ಹಾಸನದಲ್ಲಿ ಹದಿನೆಂಟು ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ಮಾಡಿಫೈ ಮಾಡಿಸಿದ ಕಾರುಗಳು ಎಷ್ಟೋ ಬಂದು ಹೋಗಿವೆ. ಅವುಗಳಲ್ಲಿ ನಾನು ನೋಡುವುದು ಕೆಟ್ಟುಹೋದ ಒಂದು ಭಾಗವನ್ನು ಮಾತ್ರ. ಈ ಕಾರು ಮನೆಯ ಹುಡುಗನದು. ಬಿಲ್ಲುಗಳನ್ನೆಲ್ಲ ಮುಂದಿಟ್ಟುಕೊಂಡು, ಹಾಕಿದ್ದೆಲ್ಲವನ್ನೂ ಬಿಚ್ಚಿ, ಒಂದೊಂದನ್ನೇ ನೋಡುವ ಅವಕಾಶ ಸಿಕ್ಕಿತು. ಅದಕ್ಕೇ ಇದೊಂದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಕಾರು, ಹುಡುಗ, ಬಿಲ್ಲು

2015ರ ಸ್ವಿಫ್ಟ್, ವಿಎಕ್ಸ್‌ಐ, 1.2 ಲೀಟರ್ ಪೆಟ್ರೋಲ್ ಎಂಜಿನ್. 2022ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದ. ಆಗ 52,000 ಕಿ.ಮೀ. ಓಡಿತ್ತು. ಕೊಳ್ಳುವ ಮೊದಲು ನಾನೇ ನೋಡಿದ್ದೆ. ಎಂಜಿನ್ ಚೆನ್ನಾಗಿತ್ತು, ಗೇರ್ ಬಾಕ್ಸ್ ಚೆನ್ನಾಗಿತ್ತು. "ಟೈರ್ ಹಳೇದು, ಮೊದಲು ನಾಲ್ಕೂ ಬದಲಾಯಿಸು. ಬ್ರೇಕ್ ಆಯಿಲ್ ಬದಲಾಯಿಸು. ಹೆಡ್‌ಲೈಟ್ ಗಾಜು ಮಂಜಾಗಿದೆ, ಪಾಲಿಶ್ ಮಾಡಿಸು" ಎಂದು ಮೂರು ಮಾತು ಹೇಳಿ ಕಳಿಸಿದ್ದೆ.

ಹುಡುಗನಿಗೆ ಇಪ್ಪತ್ನಾಲ್ಕು ವರ್ಷ. ಬೆಂಗಳೂರಿನಲ್ಲಿ ಕೆಲಸ, ಪಿಜಿಯಲ್ಲಿ ವಾಸ. ಅವರ ಮನೆಗೆ ಬಂದ ಮೊದಲ ಕಾರು ಇದು. ಭಾವ ಬದುಕಿಡೀ ಸ್ಕೂಟರ್ ಓಡಿಸಿದವರು. ಹಾಗಾಗಿ ಕಾರಿನ ಮೇಲೆ ಅವನಿಗಿದ್ದ ಪ್ರೀತಿ ನನಗೆ ಅರ್ಥವಾಗುತ್ತದೆ. ಭಾನುವಾರ ಬಂದರೆ ಸಾಕು, ಅದನ್ನು ತೊಳೆದು ಒರೆಸಿ ಕೂರುತ್ತಿದ್ದ. ಆ ಪ್ರೀತಿಯಲ್ಲಿ ಏನೂ ತಪ್ಪಿಲ್ಲ. ಹಣ ಹೋದ ಜಾಗ ಮಾತ್ರ ತಪ್ಪಾಯಿತು.

ಹದಿನಾಲ್ಕು ತಿಂಗಳಲ್ಲಿ ಅವನು ಬೆಂಗಳೂರಿನ ಒಂದೆರಡು ಅಂಗಡಿಗಳಲ್ಲಿ ಮಾಡಿಸಿದ ಕೆಲಸ ಇಷ್ಟು: 17 ಇಂಚಿನ ಅಲಾಯ್ (ಮಿಶ್ರಲೋಹದ ರಿಮ್) ಮತ್ತು ಟೈರ್‌ಗೆ 72,000. ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸಿದ್ದಕ್ಕೆ 4,500. ಹೊಗೆಯನ್ನು ಹೆಚ್ಚು ತಡೆಯದೆ ಜೋರು ಸದ್ದು ಮಾಡುವ ಫ್ರೀ ಫ್ಲೋ ಸೈಲೆನ್ಸರ್ 16,000. ತೆರೆದ ಏರ್ ಫಿಲ್ಟರ್ 6,500. ಎಲ್‌ಇಡಿ ಹೆಡ್‌ಲೈಟ್ ಬಲ್ಬು ಮತ್ತು ಫಾಗ್ ಲ್ಯಾಂಪ್ 9,000. ಹಾಡಿಗೆ ವೂಫರ್ (ದೊಡ್ಡ ಸ್ಪೀಕರ್), ಆಂಪ್ಲಿಫೈಯರ್ 28,000. ಹಿಂದೆ ರೆಕ್ಕೆಯಂಥ ಸ್ಪಾಯ್ಲರ್ ಮತ್ತು ಸುತ್ತಲಿನ ಪ್ಲಾಸ್ಟಿಕ್ ಬಾಡಿ ಕಿಟ್ 22,000. ಗಾಜಿಗೆ ಕಪ್ಪು ಫಿಲ್ಮ್ 5,000. ಕೂಡಿದರೆ 1,63,000.

ನಾನು ಹೇಳಿದ ಬ್ರೇಕ್ ಆಯಿಲ್ ಮತ್ತು ಪಾಲಿಶ್ ಆ ಪಟ್ಟಿಯಲ್ಲಿ ಇರಲಿಲ್ಲ.

ಆ ರಾತ್ರಿ ನಡೆದದ್ದು

ಸ್ನೇಹಿತನ ಮದುವೆಗೆಂದು ಮಂಗಳೂರಿಗೆ ಹೊರಟಿದ್ದ. ರಾತ್ರಿ ಹನ್ನೊಂದು ದಾಟಿತ್ತು, ಜೋರು ಮಳೆ. ರಸ್ತೆಯಲ್ಲಿ ನೀರು ತುಂಬಿದ ಒಂದು ಗುಂಡಿ. ಅದು ಕಾಣಲಿಲ್ಲ, ಚಕ್ರ ಇಳಿಯಿತು, "ಟಪ್" ಅಂತ ಸದ್ದಾಯಿತು. ಮಳೆಗಾಲದಲ್ಲಿ ಇದು ದಿನಾ ನಡೆಯುವ ಸಂಗತಿ. ಸ್ಟೆಪ್ನಿ ಹಾಕಿ ಹದಿನೈದು ನಿಮಿಷದಲ್ಲಿ ಹೊರಡಬೇಕಿತ್ತು.

ಬದಲಿಗೆ ಆರು ಗಂಟೆ ಕಾಲ ಕತ್ತಲಲ್ಲಿ ಕೂತ. ಪಕ್ಕದಲ್ಲೇ ಟ್ಯಾಂಕರ್, ಲಾರಿ ಹೋಗುತ್ತಿದ್ದವು. ಅದನ್ನು ನೆನೆದರೆ ಇವತ್ತಿಗೂ ನನ್ನ ಎದೆ ಝಲ್ ಎನ್ನುತ್ತದೆ.

ಕಾರನ್ನು ಗ್ಯಾರೇಜಿಗೆ ತಂದು ಲಿಫ್ಟ್ ಮೇಲೆ ಏರಿಸಿದ ಮೇಲೆ ನನಗೆ ಸಂಗತಿ ಬಿಡಿಸಿಕೊಂಡಿತು. ಗುಂಡಿ ಕಾಣದಿದ್ದುದು ಹೆಡ್‌ಲೈಟ್ ಬಲ್ಬಿನಿಂದ. ಟೈರ್ ಒಡೆದದ್ದು ದೊಡ್ಡ ರಿಮ್ಮಿನಿಂದ. ಪೆಟ್ಟು ಅಷ್ಟು ಜೋರಾಗಿ ಬಿದ್ದದ್ದು ಕತ್ತರಿಸಿದ ಸ್ಪ್ರಿಂಗಿನಿಂದ. ಸ್ಟೆಪ್ನಿ ಇಲ್ಲದ್ದು ವೂಫರಿನಿಂದ. ಒಂದೊಂದನ್ನೇ ಬಿಡಿಯಾಗಿ ನೋಡಿದರೆ "ಇಷ್ಟಕ್ಕೆ ಏನಾಗುತ್ತೆ ಬಿಡು ಮಾಮ" ಅನ್ನಬಹುದು. ನಾಲ್ಕೂ ಸೇರಿ ಒಂದೇ ಗುಂಡಿಯಲ್ಲಿ ಬಿದ್ದವು.

ರಿಮ್ ಮತ್ತು ಟೈರ್

ಹೆಚ್ಚು ಹಣ ಹೋದದ್ದು ಇಲ್ಲಿ. ಹೆಚ್ಚು ಜನ ತಪ್ಪು ತಿಳಿದಿರುವುದೂ ಇಲ್ಲೇ. ಹಾಗಾಗಿ ಸ್ವಲ್ಪ ಲೆಕ್ಕ ಹಾಕೋಣ.

ಈ ಕಾರಿಗೆ ಕಂಪನಿ ಕೊಟ್ಟ ಟೈರ್ 165/80 ಆರ್14. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಟೈರಿನ ಪಕ್ಕದ ಗೋಡೆ ಅಗಲದ ಶೇಕಡಾ ಎಷ್ಟು ಎಂಬುದು. 165ರ ಶೇ. 80 ಅಂದರೆ 132 ಮಿ.ಮೀ. ಮೂರನೆಯದು ರಿಮ್ಮಿನ ಅಳತೆ, ಇಂಚಿನಲ್ಲಿ. ಎಲ್ಲ ಕೂಡಿದರೆ ಚಕ್ರದ ಪೂರ್ತಿ ಎತ್ತರ ಸುಮಾರು 620 ಮಿ.ಮೀ.

ಹುಡುಗ ಹಾಕಿಸಿದ್ದು 205/45 ಆರ್17. 205ರ ಶೇ. 45 ಅಂದರೆ 92 ಮಿ.ಮೀ. ಚಕ್ರದ ಪೂರ್ತಿ ಎತ್ತರ 616 ಮಿ.ಮೀ. ಅಂದರೆ ಹೊರಗಿನಿಂದ ಚಕ್ರ ದೊಡ್ಡದಾಗಲೇ ಇಲ್ಲ. ಒಳಗಿನ ಲೋಹ ಬೆಳೆಯಿತು, ಗಾಳಿ ತುಂಬಿದ ರಬ್ಬರ್ 40 ಮಿ.ಮೀ. ಕಡಿಮೆಯಾಯಿತು. ಗುಂಡಿಯ ಅಂಚು ತಾಗಿದಾಗ ಬಗ್ಗಿ ಪೆಟ್ಟು ನುಂಗಬೇಕಾದದ್ದು ಆ ರಬ್ಬರ್ ಗೋಡೆಯೇ ಅಲ್ವಾ? ಅದು ತೆಳುವಾದರೆ ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಸಿಕ್ಕಿ ಕತ್ತರಿಗೆ ಸಿಕ್ಕ ಹಾಗೆ ಹರಿಯುತ್ತದೆ. ಒಡೆದ ಟೈರಿನ ಗೋಡೆಯಲ್ಲಿ ಅಕ್ಕಪಕ್ಕ ಎರಡು ಸೀಳು ಇದ್ದವು. ಹಾಗೆ ಸಿಕ್ಕಿಕೊಂಡು ಹರಿದದ್ದಕ್ಕೆ ಗುರುತು ಅದು.

"ಅಲಾಯ್ ಹಗುರ, ಪಿಕಪ್ ಜಾಸ್ತಿ ಆಗುತ್ತೆ ಅಂದ್ರು ಮಾಮ" ಅಂದ. ಒಂದೇ ಅಳತೆಯ ಸ್ಟೀಲ್ ರಿಮ್ಮಿಗಿಂತ ಒಳ್ಳೆಯ ಅಲಾಯ್ ಹಗುರ ಇರಬಹುದು, ನಿಜ. ಆದರೆ ಅಳತೆ ಬೆಳೆದ ಮೇಲೆ ಆ ಮಾತು ನಿಲ್ಲುವುದಿಲ್ಲ. ಎರಡನ್ನೂ ಪಕ್ಕದ ಅಕ್ಕಿ ಅಂಗಡಿಯ ತೂಕದ ಮೇಲೆ ಇಟ್ಟೆವು. ಹಳೆಯ 14 ಇಂಚಿನ ಸ್ಟೀಲ್ ಚಕ್ರ ಟೈರ್ ಸಮೇತ ಹದಿಮೂರೂವರೆ ಕೆಜಿ. 17 ಇಂಚಿನದು ಹತ್ತೊಂಬತ್ತು ಕೆಜಿ. ನಾಲ್ಕು ಚಕ್ರಕ್ಕೆ ಇಪ್ಪತ್ತೆರಡು ಕೆಜಿ ಜಾಸ್ತಿ. ಈ ಭಾರ ಸುಮ್ನೆ ಸೀಟಿನ ಮೇಲೆ ಕೂರುವ ಭಾರವಲ್ಲ. ಪ್ರತಿ ಸಲ ಎಂಜಿನ್ ಅದನ್ನು ತಿರುಗಿಸಬೇಕು, ಬ್ರೇಕ್ ಅದನ್ನು ನಿಲ್ಲಿಸಬೇಕು, ಪ್ರತಿ ಉಬ್ಬಿನಲ್ಲೂ ಶಾಕ್ ಅಬ್ಸಾರ್ಬರ್ ಅದನ್ನು ಹಿಡಿಯಬೇಕು.

ಕತ್ತರಿಸಿದ ಸ್ಪ್ರಿಂಗ್

ನಾಲ್ಕೂ ಸ್ಪ್ರಿಂಗನ್ನು ಗ್ರೈಂಡರಿನಲ್ಲಿ ಕತ್ತರಿಸಿದ್ದರು. ಇದು ನನಗೆ ತುಂಬ ಸಿಟ್ಟು ತರಿಸುವ ಕೆಲಸ. 4,500 ರೂಪಾಯಿಯಲ್ಲಿ ಇಷ್ಟು ಹಾನಿ ಮಾಡುವ ಕೆಲಸ ಕಾರಿನಲ್ಲಿ ಬೇರೊಂದಿಲ್ಲ.

ಸ್ಪ್ರಿಂಗಿನ ಸುತ್ತು ಕಡಿಮೆಯಾದಷ್ಟೂ ಅದು ಗಡುಸಾಗುತ್ತದೆ. ಕೆಲಸ ಮಾಡುವ ಐದು ಸುತ್ತಿನಲ್ಲಿ ಒಂದು ಹೋದರೆ ಕಾಲು ಭಾಗದಷ್ಟು ಗಡುಸು ಹೆಚ್ಚುತ್ತದೆ. ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯದೇ. ಹಳೆಯ ಸ್ಪ್ರಿಂಗಿನ ನೆಗೆತ ಹಿಡಿಯಲು ಮಾಡಿದ್ದು ಅದು. ಜೊತೆಗೆ ಕಾರು ತಗ್ಗಿದ್ದರಿಂದ ಅದರ ಒಳಗಿನ ಪಿಸ್ಟನ್ ಯಾವಾಗಲೂ ತಳದ ಹತ್ತಿರವೇ ಓಡಾಡುತ್ತದೆ. ಸ್ವಲ್ಪ ದೊಡ್ಡ ಗುಂಡಿ ಬಂದರೂ ತಳಕ್ಕೆ ಬಡಿಯುತ್ತದೆ. ಮುಂದಿನ ಎರಡರಲ್ಲೂ ಆಯಿಲ್ ಸೋರಿತ್ತು. ಕತ್ತರಿಸಿದ ತುದಿ ಕೆಳಗಿನ ಬಟ್ಟಲಲ್ಲಿ ಸರಿಯಾಗಿ ಕೂರುವುದೂ ಇಲ್ಲ. ಕಾರನ್ನು ಲಿಫ್ಟ್ ಮೇಲೆ ಏರಿಸಿ ಚಕ್ರ ಜೋತುಬಿದ್ದಾಗ ಹಿಂದಿನ ಸ್ಪ್ರಿಂಗ್ ಕೈಯಲ್ಲಿ ಅಲ್ಲಾಡುತ್ತಿತ್ತು. ಓಡುವಾಗ ಒಂದು ಹಂಪ್ ಹಾರಿದರೂ ಇದೇ ಆಗುತ್ತದೆ.

ಈ ಸ್ವಿಫ್ಟಿನ ತಳಕ್ಕೂ ನೆಲಕ್ಕೂ ಇರಬೇಕಾದ ಅಂತರ 170 ಮಿ.ಮೀ. ನಾನು ಅಳೆದಾಗ 125 ಇತ್ತು. ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆ ಹೇಳುವ ಪ್ರಕಾರ ರಸ್ತೆಯ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಹಾಗಿದ್ದರೆ 125ರಲ್ಲೂ ಹೇಗೋ ದಾಟಬಹುದು. ನಮ್ಮ ಊರುಗಳ ಮುಂದೆ ಅಂಥ ಹಂಪ್ ಎಲ್ಲಿದೆ? ಎತ್ತರಕ್ಕೆ, ಚೂಪಾಗಿ, ರಾತ್ರೋರಾತ್ರಿ ಹಾಕಿದ ಹಂಪುಗಳೇ ಜಾಸ್ತಿ. ಆಯಿಲ್ ಚೇಂಬರ್ ತಳದಲ್ಲಿ ಮೂರು ಕಡೆ ತಗ್ಗು ಬಿದ್ದಿತ್ತು. ಇನ್ನೊಂದು ಪೆಟ್ಟು ಬಿದ್ದು ಅದು ಒಡೆದಿದ್ದರೆ ಆಯಿಲ್ ಖಾಲಿಯಾಗಿ ಎಂಜಿನ್ನೇ ಹೋಗುತ್ತಿತ್ತು.

ಅಕ್ಕ ಒಂದು ಮಾತು ಹೇಳಿದಳು. ಆ ಕಾರಿನಲ್ಲಿ ಬೆಂಗಳೂರಿಗೆ ಒಂದು ಸಲ ಹೋಗಿ ಬಂದ ಮೇಲೆ ಎರಡು ದಿನ ಸೊಂಟ ನೋವಿತ್ತಂತೆ. ಮಗನಿಗೆ ಬೇಜಾರಾಗಬಾರದು ಅಂತ ಹೇಳಿರಲಿಲ್ಲ. ಆಮೇಲೆ ಬಸ್ಸಿಗೇ ಹೋಗುತ್ತಿದ್ದಳು. ಮನೆಯವರಿಗಾಗಿ ಕೊಂಡ ಕಾರು ಅದು.

ಬೆಳಕು

ಸ್ವಿಫ್ಟಿನ ಹೆಡ್‌ಲೈಟಿನಲ್ಲಿ ಇರುವುದು ಎಚ್4 ಹ್ಯಾಲೊಜೆನ್ ಬಲ್ಬು, 60/55 ವ್ಯಾಟ್. ಅದರೊಳಗೆ ಎರಡು ತಂತಿ. ಡಿಮ್ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲಿದೆ. ಆ ಬಟ್ಟಲು ಬೆಳಕಿನ ಒಂದು ಭಾಗವನ್ನು ತಡೆಯುವುದರಿಂದಲೇ ಡಿಮ್ ಬೆಳಕು ಎದುರಿನವರ ಕಣ್ಣಿಗೆ ಹೋಗದೆ ರಸ್ತೆಗೆ ಬೀಳುತ್ತದೆ. ಹೆಡ್‌ಲೈಟಿನೊಳಗೆ ಬಲ್ಬಿನ ಹಿಂದಿರುವ ಕನ್ನಡಿಯನ್ನು (ರಿಫ್ಲೆಕ್ಟರ್) ಮಾಡಿರುವುದು ಆ ತಂತಿ ಇರುವ ಜಾಗದ ಲೆಕ್ಕ ಹಿಡಿದು. ಅದೇ ಕನ್ನಡಿಗೆ ಎಲ್‌ಇಡಿ ಬಲ್ಬು ಹಾಕಿದರೆ ಬೆಳಕು ಹುಟ್ಟುವ ಜಾಗ, ಆಕಾರ ಎರಡೂ ಬದಲಾಗುತ್ತವೆ. ಬೆಳಕು ಸಿಕ್ಕಸಿಕ್ಕ ಕಡೆ ಚೆಲ್ಲುತ್ತದೆ.

ಅವನ ಕಾರನ್ನು ಗೋಡೆಯ ಮುಂದೆ ನಿಲ್ಲಿಸಿ ಡಿಮ್ ಹಾಕಿ ನೋಡಿದೆವು. ಸರಿಯಾದ ಬಲ್ಬಿನಲ್ಲಿ ಮೇಲೆ ಕತ್ತಲು, ಕೆಳಗೆ ಬೆಳಕು, ನಡುವೆ ಒಂದು ಗೆರೆ ಕಾಣಬೇಕು. ಇಲ್ಲಿ ಗೆರೆಯೇ ಇರಲಿಲ್ಲ. "ಎದುರಿನವರೆಲ್ಲ ಯಾಕೆ ಲೈಟ್ ಹೊಡೀತಾರೆ ಅಂತ ಗೊತ್ತಾಗ್ತಿರ್ಲಿಲ್ಲ" ಅಂದ ಹುಡುಗ.

ಇನ್ನೊಂದು ವಿಷಯ ಓಡಿಸುವವರಿಗೇ ಗೊತ್ತಾಗುವುದಿಲ್ಲ. ಬಾನೆಟ್ ಮುಂದಿನ ಹತ್ತಿಪ್ಪತ್ತು ಅಡಿ ಹಾಲಿನ ಹಾಗೆ ಬೆಳಗಿದರೆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ. ದೂರದ್ದು ಇನ್ನಷ್ಟು ಕತ್ತಲಾಗುತ್ತದೆ. ಮಳೆಯಲ್ಲಿ ಚೆಲ್ಲಿದ ಬೆಳಕು ಹನಿಗಳಿಗೆ ತಾಗಿ ನಮ್ಮ ಕಡೆಗೇ ವಾಪಸ್ ಬರುತ್ತದೆ. ಎದುರಿಗೆ ಬಿಳಿ ಪರದೆ ಬಿಟ್ಟಂತಾಗುತ್ತದೆ. ಆ ಪರದೆಯ ಹಿಂದೆ ಗುಂಡಿ ಇತ್ತು.

ಹಾಗಾದರೆ ಹಳೆಯ ಬೆಳಕು ಸಾಕಿತ್ತೇ? ಇಲ್ಲ, ಅದೂ ಮಂಕಾಗಿತ್ತು. ಅವನ ತೊಂದರೆ ನಿಜವಾದದ್ದೇ. ಆದರೆ ಕಾರಣ ಬೇರೆ. ಗಾಜಿನ ಮೇಲೆ ಹಳದಿ ಪದರ ಕಟ್ಟಿತ್ತು. ಹಳೆಯ ವೈರಿಂಗ್‌ನಲ್ಲಿ ವೋಲ್ಟೇಜ್ ಇಳಿಯುತ್ತಿತ್ತು. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇ. 10ರಷ್ಟು ಕಡಿಮೆಯಾದರೆ ಬೆಳಕು ಶೇ. 30ರಷ್ಟು ಬೀಳುತ್ತದೆ. ರಿಲೇ (ಕರೆಂಟಿನಿಂದಲೇ ಕೆಲಸ ಮಾಡುವ ಸ್ವಿಚ್) ಹಾಕಿ ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆದು, ಗಾಜು ಪಾಲಿಶ್ ಮಾಡಿ, ಒಳ್ಳೆಯ ಕಂಪನಿಯ ಅದೇ 60/55 ವ್ಯಾಟ್ ಬಲ್ಬು ಹಾಕಿದೆ. ಬೆಳಕಿನ ಎತ್ತರ ಸರಿಮಾಡಿದೆ. 3,200 ರೂಪಾಯಿ. ಹೊರಗೆ ಓಡಿಸಿ ನೋಡಿ ಬಂದವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಡಿಕ್ಕಿ

ಈ ಕಾರಿನ ಡಿಕ್ಕಿ 204 ಲೀಟರ್, ಮೊದಲೇ ಚಿಕ್ಕದು. ಅದರಲ್ಲಿ ವೂಫರ್ ಡಬ್ಬಿ. ಸ್ಟೆಪ್ನಿ ಕೂರುವ ಗುಳಿಯಲ್ಲಿ ಆಂಪ್ಲಿಫೈಯರ್. ಸ್ಟೆಪ್ನಿ ಅಕ್ಕನ ಮನೆಯ ಅಟ್ಟ ಸೇರಿತ್ತು.

ಹಾಡು ಕೇಳುವುದು ತಪ್ಪೇನಲ್ಲ. ದಿನಕ್ಕೆರಡು ಗಂಟೆ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕೂರುವವನಿಗೆ ಒಳ್ಳೆಯ ಸ್ಪೀಕರ್ ಬೇಕು. ಹಾಕಿದ ರೀತಿ ನೋಡಿ ಮಾತ್ರ ನನ್ನ ಕೈ ನಡುಗಿತು. ಬ್ಯಾಟರಿಯಿಂದ ಆಂಪ್ಲಿಫೈಯರ್‌ಗೆ ಬರುವ ದಪ್ಪ ವೈರಿನಲ್ಲಿ ಫ್ಯೂಸೇ ಇರಲಿಲ್ಲ. ಎಂಜಿನ್ ಕಡೆಯಿಂದ ಒಳಗೆ ಬರುವ ಜಾಗದಲ್ಲಿ ತಗಡಿಗೆ ತೂತು ಕೊರೆದು, ರಬ್ಬರ್ ಬುಷ್ ಇಲ್ಲದೆ ವೈರ್ ತೂರಿಸಿದ್ದರು. ತಗಡಿನ ಅಂಚು ತಿಕ್ಕಿ ತಿಕ್ಕಿ ಮೇಲಿನ ಪ್ಲಾಸ್ಟಿಕ್ ಅರ್ಧ ಸವೆದಿತ್ತು. ತಾಮ್ರ ಬಾಡಿಗೆ ತಾಗಿದರೆ ಬ್ಯಾಟರಿಯ ಪೂರ್ತಿ ಕರೆಂಟ್ ಅಲ್ಲೇ ಹರಿಯುತ್ತದೆ. ತಡೆಯಲು ಏನೂ ಇಲ್ಲ. ವೈರ್ ಕೆಂಪಗೆ ಕಾದು ಕಾರ್ಪೆಟ್ ಹೊತ್ತಿಕೊಳ್ಳುತ್ತದೆ. ಕಾರಿನಲ್ಲಿ ಇಂಥ ವೈರ್ ಎಳೆಸಿದ್ದವರು ಯಾರೇ ಇರಲಿ, ಇವತ್ತೇ ಬಾನೆಟ್ ಎತ್ತಿ ನೋಡಿ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು, ಒಂದು ಅಡಿಯೊಳಗೆ. ಆಂಪ್ಲಿಫೈಯರ್ ಹತ್ತಿರ ಇದ್ದರೆ ನಡುವಿನ ವೈರಿಗೆ ರಕ್ಷಣೆ ಇಲ್ಲ.

ಸದ್ದು ಮತ್ತು ಪಿಕಪ್

ಸೈಲೆನ್ಸರ್ ಮತ್ತು ಏರ್ ಫಿಲ್ಟರ್ ಹಾಕಿದ ಮೇಲೆ ಕಾರು ಹಾರುತ್ತದೆ ಎಂದು ಅವನು ಗಟ್ಟಿಯಾಗಿ ನಂಬಿದ್ದ. ವಾದ ಮಾಡಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 40ರಿಂದ 80 ಕಿ.ಮೀ. ವೇಗಕ್ಕೆ ಎಷ್ಟು ಹೊತ್ತು ಬೇಕೆಂದು ನೋಡಿದೆವು. ಹೋಗುವಾಗ ಮೂರು ಸಲ, ಬರುವಾಗ ಮೂರು ಸಲ. ಸರಾಸರಿ 9.6 ಸೆಕೆಂಡ್. ಆಮೇಲೆ ಎಲ್ಲವನ್ನೂ ಕಂಪನಿಯ ಭಾಗಕ್ಕೆ ಬದಲಾಯಿಸಿ ಅದೇ ರಸ್ತೆಯಲ್ಲಿ ಅದೇ ರೀತಿ ನೋಡಿದೆವು. 9 ಸೆಕೆಂಡ್. ಚಕ್ರದ ಭಾರ ಇಳಿದದ್ದೂ ಅದರಲ್ಲಿ ಸೇರಿದೆ.

ತೆರೆದ ಫಿಲ್ಟರ್ ನೋಡಲು ಚಂದ. ಆದರೆ ಅದು ಉಸಿರೆಳೆಯುವುದು ಬಾನೆಟ್ ಒಳಗಿನ ಬಿಸಿ ಗಾಳಿಯನ್ನು. ಕಂಪನಿಯ ಫಿಲ್ಟರ್ ಪೆಟ್ಟಿಗೆ ಮುಂದಿನಿಂದ ಹೊರಗಿನ ಗಾಳಿ ಎಳೆಯುತ್ತದೆ. 25 ಡಿಗ್ರಿಯ ಗಾಳಿಗಿಂತ 60 ಡಿಗ್ರಿಯ ಗಾಳಿ ಹತ್ತರಲ್ಲಿ ಒಂದು ಭಾಗ ತೆಳು. ತೆಳು ಗಾಳಿ ಅಂದರೆ ಕಡಿಮೆ ಆಮ್ಲಜನಕ, ಕಡಿಮೆ ಶಕ್ತಿ. ಕಿವಿಗೆ ಸದ್ದು ಹೆಚ್ಚಾದಾಗ ಮನಸ್ಸಿಗೆ ವೇಗ ಹೆಚ್ಚಿದಂತೆ ಅನ್ನಿಸುತ್ತದೆ, ಅಷ್ಟೇ. ಮೈಲೇಜ್ ಹದಿನೇಳರಿಂದ ಹದಿನಾಲ್ಕೂವರೆಗೆ ಇಳಿದಿತ್ತು.

ಸ್ಪಾಯ್ಲರ್, ಬಾಡಿ ಕಿಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಓಡಾಟದ ವೇಗದಲ್ಲಿ ಅದರಿಂದ ಏನೂ ಆಗುವುದಿಲ್ಲ. ಬಾಗಿಲುಗಳ ಕೆಳಗೆ ಕೂರಿಸಿದ್ದ ಪ್ಲಾಸ್ಟಿಕ್ ಸ್ಕರ್ಟ್ ಎರಡನೇ ತಿಂಗಳಿಗೇ ಹಂಪಿಗೆ ತಾಗಿ ಸೀಳಿತ್ತು.

ಕಾನೂನು, ವಿಮೆ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಬಂತು. ಅನುಮತಿ ಇಲ್ಲದ ಬದಲಾವಣೆಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಸದ್ದು ಮಾಡುವ ಸೈಲೆನ್ಸರಿಗೆ 190ನೇ ಕಲಂ ಬೇರೆ ಇದೆ. ಅಂಗಡಿಯಲ್ಲಿ ಮಾರುತ್ತಾರೆ ಅಂದ ಮಾತ್ರಕ್ಕೆ ರಸ್ತೆಗೆ ತರಬಹುದು ಅಂತ ಅರ್ಥವಲ್ಲ. ಗಾಜಿಗೆ ಅಂಟಿಸುವ ಕಪ್ಪು ಫಿಲ್ಮಿನ ಮೇಲೆ ಸುಪ್ರೀಂ ಕೋರ್ಟ್ ಆದೇಶ ಬಂದದ್ದು 2012ರಲ್ಲೇ. ಹುಡುಗ ಫಿಲ್ಮಿಗೆ ಎರಡು ಸಲ, ಸೈಲೆನ್ಸರಿಗೆ ಒಂದು ಸಲ ದಂಡ ಕಟ್ಟಿದ್ದ. ಮನೆಯಲ್ಲಿ ಹೇಳಿರಲಿಲ್ಲ.

ಘಾಟಿಯ ಪೆಟ್ಟಿಗೆ ವಿಮೆ ಕೇಳಿದೆವು. ಸರ್ವೇಯರ್ ಬಂದು ಸುತ್ತ ಫೋಟೊ ತೆಗೆದುಕೊಂಡರು. 17 ಇಂಚಿನ ರಿಮ್, ಬಾಡಿ ಕಿಟ್ ಯಾವುದನ್ನೂ ಪಾಲಿಸಿಯಲ್ಲಿ ಬರೆಸಿರಲಿಲ್ಲ, ಅದಕ್ಕೆ ಪ್ರೀಮಿಯಂ ಕಟ್ಟಿರಲಿಲ್ಲ. ಹಾಗಾಗಿ ಅವುಗಳಿಗೆ ಒಂದು ರೂಪಾಯಿಯೂ ಬರಲಿಲ್ಲ. ಅವರ ಮೇಲೆ ನನಗೆ ದೂರಿಲ್ಲ. ನಿಯಮದಂತೆ ನಡೆದುಕೊಂಡರು. ದೊಡ್ಡ ಅಪಘಾತವಾಗಿ ಇನ್ನೊಬ್ಬರಿಗೆ ಪೆಟ್ಟಾಗಿದ್ದರೆ ಇದೇ ಪ್ರಶ್ನೆ ಕೋರ್ಟಿನಲ್ಲಿ ಏಳುತ್ತಿತ್ತು ಅನ್ನುವುದು ಮಾತ್ರ ನನ್ನನ್ನು ಕಾಡುತ್ತದೆ.

ಏನು ಮಾಡಿದೆವು

ಇದೇ ಸ್ವಿಫ್ಟಿನ ಮೇಲಿನ ಮಾದರಿ ಝಡ್‌ಎಕ್ಸ್‌ಐಗೆ ಕಂಪನಿಯೇ 185/65 ಆರ್15 ಟೈರ್ ಮತ್ತು ಅಲಾಯ್ ಕೊಡುತ್ತಿತ್ತು. ಚಕ್ರದ ಎತ್ತರ 621 ಮಿ.ಮೀ., ಹಳೆಯದಕ್ಕೆ ಹೆಚ್ಚುಕಡಿಮೆ ಸಮ. ಟೈರಿನ ಗೋಡೆ 120 ಮಿ.ಮೀ. ಉಳಿಯುತ್ತದೆ. ರಸ್ತೆಗೆ ಹಿಡಿತವೂ ಹೆಚ್ಚು. ಯಾರಾದರೂ "ಅಲಾಯ್ ಹಾಕಿಸಲೇಬೇಕು" ಅಂದರೆ ನಾನು ಹೇಳುವುದು ಇದನ್ನೇ. ನಿಮ್ಮದೇ ಕಾರಿನ ಮೇಲಿನ ಮಾದರಿಗೆ ಕಂಪನಿ ಏನು ಕೊಟ್ಟಿದೆ ನೋಡಿ, ಅಷ್ಟಕ್ಕೆ ನಿಲ್ಲಿಸಿ. ಆ ಅಳತೆಗೆ ಸಸ್ಪೆನ್ಷನ್, ಬ್ರೇಕ್ ಎಲ್ಲ ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ.

ಅಂಥ ನಾಲ್ಕು ಹಳೆಯ ಅಲಾಯ್ 14,000ಕ್ಕೆ ಸಿಕ್ಕಿದವು. ಹೊಸ ಟೈರ್ 19,000. ಹೊಸ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ 17,500. ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್ 3,300. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಅವನ ಕಾರಿನಿಂದ ಇಳಿಸಿದ್ದು ಕಪ್ಪು ಟೀ ಹಾಗಿತ್ತು. ಬೆಳಕಿನ ಕೆಲಸ ಸೇರಿಸಿದರೆ ಎಲ್ಲ ಕೂಡಿ 57,000. ಹಳೆಯ ಸೈಲೆನ್ಸರ್, ಫಿಲ್ಟರ್ ಪೆಟ್ಟಿಗೆ ಅಕ್ಕನ ಅಟ್ಟದ ಮೇಲೆ ಸ್ಟೆಪ್ನಿ ಜೊತೆಗೇ ಇದ್ದವು. ಉಳಿದ ಮೂರು 17 ಇಂಚಿನ ರಿಮ್ ಟೈರ್ ಸಮೇತ 21,000ಕ್ಕೆ ಹೋದವು. ವೂಫರ್ ಬೇಡ ಅನ್ನಿಸಲಿಲ್ಲ. ಸೀಟಿನ ಕೆಳಗೆ ಕೂರುವ ಚಿಕ್ಕದನ್ನು ಬದಲಿಗೆ ತಂದ, ಫ್ಯೂಸ್ ಹಾಕಿ ನಾನೇ ಕೂರಿಸಿಕೊಟ್ಟೆ.

ಆ ದಸರಾಗೆ ಅಕ್ಕ, ಭಾವ ಇಬ್ಬರನ್ನೂ ಕೂರಿಸಿಕೊಂಡು ಅದೇ ಶಿರಾಡಿ ಘಾಟಿ ದಾರಿಯಲ್ಲಿ ಧರ್ಮಸ್ಥಳಕ್ಕೆ ಹೋಗಿ ಬಂದ. ಅಕ್ಕ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿದಳಂತೆ. ಇನ್ನೂ ಒಂದು ಕೆಲಸ ಬಾಕಿ ಇದೆ. ಸ್ಪಾಯ್ಲರ್ ಕೂರಿಸಲು ಡಿಕ್ಕಿ ಬಾಗಿಲಿಗೆ ನಾಲ್ಕು ತೂತು ಕೊರೆದಿದ್ದರು. ಸದ್ಯಕ್ಕೆ ಸೀಲೆಂಟ್ ತುಂಬಿ ಮುಚ್ಚಿದ್ದೇನೆ. ಸುತ್ತ ತುಕ್ಕು ಶುರುವಾಗಿದೆ. ಮಳೆ ಪೂರ್ತಿ ನಿಂತ ಮೇಲೆ ಟಿಂಕರಿಂಗ್ ಮಾಡಿಸಿ ಬಣ್ಣ ಹೊಡೆಸಬೇಕು.